ಇನ್ನೂರ ಹನ್ನೆರಡನೇ ನಂಬರಿನ ಜಾಕೆಟ್ಟು

ಸೇನೆಯಲ್ಲಿ ಮನುಷ್ಯ ಸಾಯುತ್ತಾನೆ, ಬಟ್ಟೆ ಸಾಯುವುದಿಲ್ಲ.

ಸತ್ತವನ ಅಂಗಿ ಒಗೆತಕ್ಕೆ ಹೋಗುತ್ತದೆ. ಒಗೆದದ್ದು ಹೊಲಿಗೆ ಶೆಡ್ಡಿಗೆ ಬರುತ್ತದೆ. ಅಲ್ಲಿ ಎದೆಯ ಮೇಲಿನ ಹೆಸರಿನ ಪಟ್ಟಿ ಬಿಚ್ಚುತ್ತಾರೆ. ತೂತಿದ್ದರೆ ತೇಪೆ ಹಾಕುತ್ತಾರೆ, ಗುಂಡಿ ಹೋಗಿದ್ದರೆ ಗುಂಡಿ. ಆಮೇಲೆ ಉಗ್ರಾಣ. ಉಗ್ರಾಣದಿಂದ ಇನ್ನೊಬ್ಬನ ಮೈಮೇಲೆ. ಆ ಇನ್ನೊಬ್ಬನಿಗೆ ಯಾರೂ ಏನೂ ಹೇಳುವುದಿಲ್ಲ. ಹೇಳಬಾರದು ಅಂತಲೇ ನಿಯಮ.

ಹೆಸರು ಬಿಚ್ಚುವ ಕೆಲಸ ಸೂಜಿಯಮ್ಮನದು. ಇಪ್ಪತ್ತೆರಡು ವರ್ಷದಿಂದ ಅವಳದೇ. ಬ್ಲೇಡಿನ ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಕತ್ತರಿಸಬೇಕು. ಬಟ್ಟೆಗೆ ಬ್ಲೇಡು ತಾಗಬಾರದು. ಉಳಿದ ದಾರದ ಚೂರುಗಳನ್ನು ಉಗುರಿನಿಂದ ಕೀಳಬೇಕು. ಕಿತ್ತು ಕಿತ್ತು ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಹೋಗಿದೆ. ಸೀಳಿದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ಅವಳು. ಹೆಸರು ಹೊಲಿದು, ಹೆಸರು ಬಿಚ್ಚಿ ಅಕ್ಷರ ಕಲಿತವಳು. ಅದು ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಾದರೂ ಯಾರು?

ಮಗಳು ಸತ್ತ ಹದಿನೇಳನೆಯ ದಿನ ಮಗಳ ಬಟ್ಟೆ ಬಂತು.

ಬಟ್ಟೆ ಒಗೆಯುವವನು ಗಂಟನ್ನು ಬಾಗಿಲಲ್ಲೇ ಇಟ್ಟು ಸರಸರ ಹೋಗಿಬಿಟ್ಟ. ಎಂದೂ ಹಾಗೆ ಹೋದವನಲ್ಲ. ಬಂದರೆ ಬೀಡಿ ಹಚ್ಚಿ, ಇಡೀ ಕ್ಯಾಂಪಿನ ಚಾಡಿ ಹೇಳಿ, ಎಬ್ಬಿಸಿದರೂ ಏಳದ ಗಿರಾಕಿ. ಟೈಲರ್ ಮಾಸ್ಟರ್ರು ಗಂಟು ನೋಡಿದರು. ನಿಧಾನವಾಗಿ ಕಾಲಿನಿಂದ ಅದನ್ನು ಮೇಜಿನ ಕೆಳಗೆ ತಳ್ಳಿದರು.

"ಏನದು ಮಾಸ್ಟರ್ರೇ?"

"ಏನಿಲ್ಲ. ಹಳೇದು. ನಾನು ನೋಡ್ಕೋತೀನಿ ಬಿಡು."

"ನೀವು ಯಾವತ್ತು ಹೆಸರು ಬಿಚ್ಚಿದೀರಿ? ಕೊಡಿ ಇಲ್ಲಿ."

ಮಾಸ್ಟರ್ರು ಕೊಡಲಿಲ್ಲ. ಅವಳೇ ಬಗ್ಗಿ ಎಳೆದುಕೊಂಡಳು. ಎರಡು ಅಂಗಿ. ಎರಡು ಪ್ಯಾಂಟು. ಒಂದು ಟೋಪಿ. ಎಲ್ಲದರ ಕೆಳಗೆ ಗುಂಡು ತಡೆಯುವ ಜಾಕೆಟ್ಟು. ಹನ್ನೆರಡು ಕಿಲೋ ಭಾರ. ಕಾಲರಿನ ಒಳಗೆ ಬಿಳಿ ಬಣ್ಣದಲ್ಲಿ ನಂಬರು, ಇನ್ನೂರ ಹನ್ನೆರಡು.

ಅಂಗಿಯನ್ನು ಮಡಿಲ ಮೇಲೆ ಹಾಸಿಕೊಂಡಳು. ಬ್ಲೇಡು ತೆಗೆದಳು. ಹೆಸರಿನ ಪಟ್ಟಿ ಅವಳೇ ಹೊಲಿದದ್ದು. ಬೇರೆಯವರ ಪಟ್ಟಿಗೆ ಸುತ್ತ ಒಂದು ಹೊಲಿಗೆ ಹಾಕುವವಳು ಮಗಳ ಪಟ್ಟಿಗೆ ಮೂರು ಹಾಕಿದ್ದಳು. ಯಾರೂ ಬಿಚ್ಚಬಾರದು ಅಂತ. ಬಿಚ್ಚುವ ಕೈ ತನ್ನದೇ ಅನ್ನುವುದು ಅವತ್ತು ಹೊಳೆದಿರಲಿಲ್ಲ. ಖುಷಿಯಲ್ಲಿ ಇದ್ದವಳಿಗೆ ಅದೆಲ್ಲಿ ಹೊಳೆಯಬೇಕು?

ಬ್ಲೇಡಿನ ತುದಿ ಮೊದಲ ಹೊಲಿಗೆಯ ಕೆಳಗೆ ಹೋಯಿತು. ಅಲ್ಲೇ ನಿಂತಿತು.

"ನಾಳೆ ಬಿಚ್ತೀನಿ" ಅಂದಳು.

"ನಾಳೆಯಾದ್ರೂ ಆಗ್ಲಿ, ನಾಡಿದ್ದಾದ್ರೂ ಆಗ್ಲಿ" ಅಂದರು ಮಾಸ್ಟರ್ರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

ಜಾಕೆಟ್ಟನ್ನು ಅವಳು ಗೂಟಕ್ಕೆ ನೇತುಹಾಕಿದಳು. ಸಂಜೆ ಬಾಗಿಲು ಹಾಕುವಾಗ ಗೂಟದ ಕೆಳಗೆ ನೆಲ ಒದ್ದೆಯಾಗಿತ್ತು. ಬೆಳಿಗ್ಗೆ ಬಂದಾಗ ಇನ್ನೂ ಒದ್ದೆ. ಒರೆಸಿದಳು. ಮಧ್ಯಾಹ್ನ ಮತ್ತೆ ಒದ್ದೆ.

"ಒಳಗಡೆ ಸ್ಪಂಜಲ್ವಾ, ನೀರು ಹಿಡ್ಕೊಂಡಿರುತ್ತೆ" ಅಂದರು ಮಾಸ್ಟರ್ರು.

"ಹದಿನೇಳು ದಿನ ಹಿಡ್ಕೊಂಡಿರುತ್ತಾ?"

ಮಾಸ್ಟರ್ರು ಮಿಷನ್ನು ತುಳಿದರು.

ಕ್ಯಾಂಪಿನ ಹಿಂದೆ, ಅಡುಗೆಮನೆ ದಾಟಿ, ಪಾಯಿಖಾನೆ ದಾಟಿ, ಹನ್ನೆರಡು ಕೋಣೆಗಳ ಒಂದು ಸಾಲಿದೆ. ಅದನ್ನು ಹಿಂದಿನ ಸಾಲು ಅನ್ನುತ್ತಾರೆ. ಕಸ ಗುಡಿಸುವವರು, ಪಾಯಿಖಾನೆ ತೊಳೆಯುವವರು, ಬಟ್ಟೆ ಒಗೆಯುವವರು ಅಲ್ಲಿ ಇರುತ್ತಾರೆ. ಅವರ ಮುತ್ತಜ್ಜಂದಿರ ಕಾಲದಿಂದ ಇದ್ದಾರೆ. ಸೇನೆ ಎಲ್ಲಿಗೆ ಹೋದರೂ ಹೊಲಸು ಹಿಂದೆಯೇ ಬರುತ್ತದಲ್ಲ, ಹೊಲಸಿನ ಹಿಂದೆ ಇವರು. ದೊಡ್ಡ ಗೇಟಿನಲ್ಲಿ ಇವರಿಗೆ ದಾರಿಯಿಲ್ಲ, ಪಕ್ಕದ ಕಿರುಬಾಗಿಲು. ಶೆಡ್ಡಿನಲ್ಲಿ ಸೂಜಿಯಮ್ಮನ ಚಹಾ ಲೋಟ ಕಿಟಕಿಯ ಹೊರಗೆ. ಸಾಹೇಬರ ಮೈಗೆ ಅಳತೆ ಟೇಪು ಹಿಡಿಯುವಂತಿಲ್ಲ ಅವಳು, ಅದು ಮಾಸ್ಟರ್ರ ಕೆಲಸ. ಅದೇ ಸಾಹೇಬರ ಬೆವರು ಹಿಡಿದ ಕಂಕುಳು, ರಕ್ತ ಹತ್ತಿದ ಪ್ಯಾಂಟು ಅವಳು ಮುಟ್ಟಬಹುದು. ಮೈ ಮುಟ್ಟಬಾರದು, ಮೈಯ ಕೊಳೆ ಮುಟ್ಟಬಹುದು. ಎಂಥಾ ನ್ಯಾಯ ನೋಡಿ.

ಸೇನೆಗೆ ಸೇರುವ ಅರ್ಜಿಯಲ್ಲಿ ಒಂದು ಸಾಲು ಇತ್ತು: ಹಿಂದಿನ ಸಾಲಿನವರು ಅರ್ಹರಲ್ಲ. ಆ ಸಾಲನ್ನು ಮೂರು ವರ್ಷದ ಹಿಂದೆ ತೆಗೆದರು. ಎಲ್ಲ ಬಗೆಯ ಜನವೂ ಪಡೆಯಲ್ಲಿ ಇರಬೇಕು, ಹೆಣ್ಣುಮಕ್ಕಳೂ ಇರಬೇಕು ಅಂತ ಮೇಲಿನಿಂದ ಹೇಳಿಕೆ ಬಂತು. 'ಎಲ್ಲರ ಪಡೆ' ಅಂತ ಯೋಜನೆ. ಅದಕ್ಕೊಬ್ಬರು ಮೇಡಂ ಬಂದರು. ಗೋಡೆ ಗೋಡೆಗೂ ಪೋಸ್ಟರ್ ಅಂಟಿತು. ಪಾಯಿಖಾನೆಯ ಗೋಡೆಗೂ ಅಂಟಿತು, ಅದನ್ನೂ ಹಿಂದಿನ ಸಾಲಿನವರೇ ಒರೆಸಬೇಕಾಯಿತು.

ಹಿಂದಿನ ಸಾಲಿನಿಂದ ಮೊದಲು ಅರ್ಜಿ ಹಾಕಿದವಳು ಸೂಜಿಯಮ್ಮನ ಮಗಳು. ತಂದೆ ಇಲ್ಲದ ಹುಡುಗಿ. ತೆಳ್ಳಗೆ, ಉದ್ದಕ್ಕೆ. ಸಾಲಿನಲ್ಲೆಲ್ಲ 'ಕಡ್ಡಿ' ಅಂತಲೇ ಹೆಸರು. ಓಟದಲ್ಲಿ ಗಂಡುಹುಡುಗರನ್ನು ಹಿಂದೆ ಹಾಕಿದಳು. ಹಗ್ಗ ಹತ್ತಿದಳು. ಬಂದೂಕು ಬಿಚ್ಚಿ ಜೋಡಿಸುವುದರಲ್ಲಿ ಅವಳ ಕೈ ಅಮ್ಮನ ಕೈ. ಆದರೂ ಬ್ಯಾರಕ್ಕಿನಲ್ಲಿ ಅವಳ ಮಂಚ ಕೊನೆಗೆ, ಕಕ್ಕಸಿನ ಬಾಗಿಲ ಪಕ್ಕ. ಒಬ್ಬ ಅವಳ ಬೂಟಿನಲ್ಲಿ ಪೊರಕೆ ಕಡ್ಡಿ ಸಿಕ್ಕಿಸಿ ಇಟ್ಟ. ಕಡ್ಡಿ ಅದರಿಂದ ಹಲ್ಲು ಚುಚ್ಚಿಕೊಳ್ಳುತ್ತಾ ಅವನ ಎದುರಿಗೇ ನಿಂತು, "ಥ್ಯಾಂಕ್ಸ್ ಕಣೋ, ಊಟ ಆದ್ಮೇಲೆ ಬೇಕಾಗಿತ್ತು" ಅಂದಳಂತೆ. ಅಂಥ ಬಾಯಿ ಅವಳದು.

ಬಾಯಿಯೇನೋ ಗಟ್ಟಿ. ಜಾಕೆಟ್ಟು ಬಾಯಿ ಮಾತು ಕೇಳುವುದಿಲ್ಲ.

ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು, ಹೆಣ್ಣುಮಕ್ಕಳ ಅಳತೆಯ ಜಾಕೆಟ್ಟು ತರಿಸಲಿಲ್ಲ. ಅಗಲ ಎದೆಯ ಗಂಡಸಿಗೆ ಕತ್ತರಿಸಿದ ಜಾಕೆಟ್ಟು. ಅದರ ಬೆನ್ನಿನ ಮೇಲೆ, ಬಲ ಭುಜದ ಹಿಂದೆ, ಒಂದು ಕೆಂಪು ಪಟ್ಟಿ ಇರುತ್ತದೆ. ಅದನ್ನು ಜೀವದ ಪಟ್ಟಿ ಅನ್ನುತ್ತಾರೆ. ನೀರಿಗೆ ಬಿದ್ದರೆ, ಬೆಂಕಿ ಹತ್ತಿದರೆ ಅದನ್ನು ಒಂದೇ ಸಲ ಎಳೆಯಬೇಕು. ಎಳೆದರೆ ಇಡೀ ಜಾಕೆಟ್ಟು ನಾಲ್ಕು ಹೋಳಾಗಿ ಕಳಚಿ ಬೀಳುತ್ತದೆ. ಕಡ್ಡಿಯ ಮೈಮೇಲೆ ಜಾಕೆಟ್ಟು ಹಿಂದಕ್ಕೆ ಜಾರುತ್ತಿತ್ತು. ಎಷ್ಟು ತಿರುಚಿದರೂ ಅವಳ ಬೆರಳು ಪಟ್ಟಿಗೆ ಮುಟ್ಟುತ್ತಿರಲಿಲ್ಲ. ನಾಲ್ಕು ಬೆರಳಿನಷ್ಟು ದೂರ ಉಳಿಯುತ್ತಿತ್ತು.

ನಾಲ್ಕು ಬೆರಳು. ಅಷ್ಟೇ. ಸೂಜಿಯಮ್ಮನಿಗೆ ಅರ್ಧ ಗಂಟೆಯ ಕೆಲಸ.

ಆದರೆ ಶೆಡ್ಡಿನಲ್ಲಿ ಒಂದು ದಪ್ಪ ರಿಜಿಸ್ಟರು ಇದೆ. ಅದರಲ್ಲಿ ನಾಲ್ಕು ಕಾಲಂ. ತಾರೀಕು, ನಂಬರು, ಏನು ಕೆಲಸ, ಯಾರ ಆದೇಶ. ಅಂಗಿ ಪ್ಯಾಂಟಿಗೆ ಪರವಾಗಿಲ್ಲ. ಜಾಕೆಟ್ಟಿಗೆ ಕತ್ತರಿ ತಾಗಬೇಕಾದರೆ ನಾಲ್ಕನೆಯ ಕಾಲಂ ತುಂಬಿರಲೇಬೇಕು. ಖಾಲಿ ಇದ್ದರೆ ಸೂಜಿ ಮುಟ್ಟುವಂತಿಲ್ಲ.

ಸೂಜಿಯಮ್ಮ ಉಗ್ರಾಣದ ಸಾಹೇಬನ ಹತ್ತಿರ ಮೂರು ಸಲ ಹೋದಳು. ಮೊದಲ ಸಲ ಅವನು, "ಅಳತೆ ಮೇಲಿಂದ ಬರುತ್ತೆ" ಅಂದ. ಎರಡನೆಯ ಸಲ, "ಬರೆದಿದೀನಿ, ಉತ್ತರ ಬರ್ಲಿ" ಅಂದ. ಬರೆದಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಮೂರನೆಯ ಸಲ ಅವನಿಗೆ ಸಿಟ್ಟು ಬಂತು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೇರಿಸ್ಕೊಳ್ಳಿ ಸೇರಿಸ್ಕೊಳ್ಳಿ ಅಂತ ಬಾಯಿ ಬಡ್ಕೊಂಡ್ರಿ. ಸೇರಿಸ್ಕೊಂಡ್ವಿ. ಈಗ ಜಾಕೆಟ್ ದೊಡ್ಡದಂತೆ, ನಾಳೆ ಬಂದೂಕು ಭಾರ ಅಂತೀರಿ. ಹೋಗೇ, ಹೋಗಿ ಗುಂಡಿ ಹಾಕು."

ಅವಳು ಹೋಗಿ ಗುಂಡಿ ಹಾಕಿದಳು.

ಹೊಳೆ ದಾಟುವ ಅಭ್ಯಾಸಕ್ಕೆ ಎರಡು ದಿನ ಮುಂಚೆ ಕಡ್ಡಿ ಶೆಡ್ಡಿಗೆ ಬಂದಿದ್ದಳು. ಊಟದ ಹೊತ್ತು. ಮಾಸ್ಟರ್ರು ಇರಲಿಲ್ಲ. ಜಾಕೆಟ್ಟನ್ನು ಮೇಜಿನ ಮೇಲೆ ಧೊಪ್ಪನೆ ಹಾಕಿ, "ಚಿಕ್ಕದು ಮಾಡಿಕೊಡಮ್ಮಾ" ಅಂದಳು. ಕತ್ತರಿ ಸೂಜಿಯಮ್ಮನ ಕೈಯಲ್ಲೇ ಇತ್ತು. ಹದಿನೆಂಟನೇ ನಂಬರಿನ ದಪ್ಪ ಸೂಜಿ ಮಿಷನ್ನಿನಲ್ಲೇ ಇತ್ತು. ಬೆಲ್ಟು ಹೊಲಿಯಲು ಹಾಕಿದ ಗಟ್ಟಿ ದಾರವೂ ಇತ್ತು. ಎಲ್ಲ ಇತ್ತು.

"ಆದೇಶ ಬರ್ಲಿ ಕಣೇ."

"ಯಾರಿಗೆ ಗೊತ್ತಾಗುತ್ತೆ?"

"ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಕೋಣೆ ಹೋಗುತ್ತೆ. ನಿನ್ನನ್ನೂ ಹಿಡ್ಕೊಂಡು ಕೇಳ್ತಾರೆ, ಸರ್ಕಾರಿ ಸಾಮಾನು ಯಾಕೆ ಕತ್ತರಿಸಿದೆ ಅಂತ. ಮೊದಲನೇ ಹುಡುಗಿ ನೀನು. ಒಂದು ಮಾತು ಬರಬಾರದು."

ಕಡ್ಡಿ ನಕ್ಕಳು.

"ಹೋಗ್ಲಿ ಬಿಡಮ್ಮ. ನಾನೇ ದಪ್ಪ ಆಗ್ತೀನಿ."

ಹೊಳೆಯಲ್ಲಿ ಸೆಳವು ಹೆಚ್ಚಿತ್ತು. ಹಗ್ಗ ಜಾರಿತು. ಜಾಕೆಟ್ಟು ನೀರು ಕುಡಿದು ಮೇಲಕ್ಕೆದ್ದು ಅವಳ ಬಾಯಿ ಮೂಗು ಮುಚ್ಚಿತು. ಅವಳ ಬಲಗೈ ಬೆನ್ನ ಹಿಂದೆ ತಡಕಾಡುತ್ತಿದ್ದದ್ದನ್ನು ದಡದಲ್ಲಿದ್ದ ನಲವತ್ತು ಜನ ನೋಡಿದರು. ಎತ್ತಿದಾಗಲೂ ಆ ಕೈ ಹಿಂದಕ್ಕೇ ತಿರುಚಿಕೊಂಡಿತ್ತು. ಮನೆಗೆ ತಂದಾಗ ಸೂಜಿಯಮ್ಮ ಆ ಕೈಯನ್ನು ನೇರ ಮಾಡಲು ನೋಡಿದಳು. ಆಗಲಿಲ್ಲ. ಹಾಗೇ ಮಣ್ಣಿಗೆ ಇಟ್ಟರು.

ವಿಚಾರಣೆ ಅರ್ಧ ದಿನದಲ್ಲಿ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ. ಕಾಗದದಲ್ಲಿ ಹೀಗೆ ಬರೆದರು: ಜೀವದ ಪಟ್ಟಿ ಎಳೆಯಲು ಕಲಿಸಲಾಗಿತ್ತು, ಮೃತಳು ಎಳೆಯಲಿಲ್ಲ, ಸ್ವಂತ ತಪ್ಪು. ಸ್ವಂತ ತಪ್ಪಿನಿಂದ ಸತ್ತವರ ಹೆಸರನ್ನು ಗೇಟಿನ ಹತ್ತಿರದ ಸ್ಮಾರಕದ ಕಲ್ಲಿನಲ್ಲಿ ಕೆತ್ತುವುದಿಲ್ಲ.

ಅಂಗಿಯ ಮೇಲಿನ ಹೆಸರು ಬಿಚ್ಚಿದರೆ ಎಲ್ಲೂ ಇರುವುದಿಲ್ಲ.

ಸೂಜಿಯಮ್ಮ ನಾಳೆ ಅಂದಳು, ನಾಡಿದ್ದು ಅಂದಳು. ಅಂಗಿ ಹಾಗೇ ಮಿಷನ್ನಿನ ಪಕ್ಕ ಮಡಿಸಿ ಕೂತಿತ್ತು. ಜಾಕೆಟ್ಟು ಗೂಟದಲ್ಲಿ ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನದ ಸೆಕೆಯಲ್ಲಿ, ಮಿಷನ್ನುಗಳು ನಿಂತಾಗ, ಟಪ್ ಅಂತ ಒಂದು ಹನಿ. ಎಣಿಸಿ ಹತ್ತು ಉಸಿರಾದ ಮೇಲೆ ಇನ್ನೊಂದು. ಬೆನ್ನ ಹಿಂದೆ ಯಾರೋ ಒದ್ದೆ ಬೂಟು ಹಾಕಿಕೊಂಡು ನಿಂತ ಹಾಗೆ. ಅವಳು ತಿರುಗಿ ನೋಡುತ್ತಿರಲಿಲ್ಲ. ತಿರುಗಿದರೆ ಇರುವುದಿಲ್ಲ ಅಂತ ಭಯ. ಇದ್ದುಬಿಟ್ಟರೆ ಏನು ಹೇಳಲಿ ಅಂತ ಅದಕ್ಕಿಂತ ದೊಡ್ಡ ಭಯ.

"ಚಿಕ್ಕದು ಮಾಡಿಕೊಡಮ್ಮಾ."

"ಮಾಡ್ತೀನಿ ಕಣೇ" ಅನ್ನುತ್ತಿದ್ದಳು ಬಾಯೊಳಗೇ. ಮಾಸ್ಟರ್ರು ಕೇಳಿಯೂ ಕೇಳದವರ ಹಾಗೆ ಇರುತ್ತಿದ್ದರು.

ಒಂದು ದಿನ ಮೇಡಂ ಬಂದರು. ಜೊತೆಗೆ ಸುರುಳಿ ಸುತ್ತಿದ ದೊಡ್ಡ ಪೋಸ್ಟರ್. ಬಿಚ್ಚಿದರೆ ಕಡ್ಡಿ! ಟೋಪಿ ಹಾಕಿಕೊಂಡು ಹಲ್ಲು ಬಿಟ್ಟು ನಗುತ್ತಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಎಲ್ಲರ ಪಡೆ, ಎಲ್ಲರಿಗೂ ಜಾಗ'.

"ನಿಮ್ಮ ಮಗಳು ನಮಗೆಲ್ಲ ಸ್ಫೂರ್ತಿ ಅಮ್ಮಾ" ಅಂದರು ಮೇಡಂ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಸೂಜಿಯಮ್ಮನ ಎರಡೂ ಕೈ ಹಿಡಿದುಕೊಂಡರು. ಬಿಟ್ಟ ಮೇಲೆ ಕರವಸ್ತ್ರ ತೆಗೆದು ಕೈ ಒರೆಸಿಕೊಂಡರು. ಬೆವರಿಗೋ ಏನೋ, ನಾವು ಯಾಕೆ ಕೆಟ್ಟ ಯೋಚನೆ ಮಾಡಬೇಕು?

"ಸೋಮವಾರ ಕಾರ್ಯಕ್ರಮ ಇದೆ. ದೊಡ್ಡ ಅತಿಥಿಗಳು ಬರ್ತಾರೆ. ನಿಮ್ಮ ಸಾಲಿನಿಂದ ಎರಡನೇ ಹುಡುಗಿ ಸೇರ್ತಿದಾಳೆ. ಬಟ್ಟೆ ಒಗೆಯೋರ ಮಗಳು. ವೇದಿಕೆ ಮೇಲೆ ಅವಳಿಗೆ ನೀವೇ ನಿಮ್ಮ ಕೈಯಾರೆ ಜಾಕೆಟ್ ತೊಡಿಸಬೇಕು. ಎಷ್ಟು ಚೆನ್ನಾಗಿರುತ್ತೆ ಅಲ್ವಾ?"

"ಜಾಕೆಟ್ ಹೊಸ ಅಳತೆದಾ ಮೇಡಂ?"

ಮೇಡಂ ಉಗ್ರಾಣದ ಸಾಹೇಬನ ಮುಖ ನೋಡಿದರು. ಅವನು ಬಾಗಿಲಲ್ಲೇ ನಿಂತಿದ್ದ. "ಬರುತ್ತೆ, ಬರುತ್ತೆ" ಅಂದ.

ಹೋಗುವ ಮುಂಚೆ ಅವನು ಒಂದು ಕಾಗದ ಮೇಜಿನ ಮೇಲಿಟ್ಟ. ವಿಚಾರಣೆಯ ಕಾಗದ. ತಾಯಿ ಒಪ್ಪಿದ್ದಾಳೆ ಅಂತ ಕೆಳಗೆ ಹೆಬ್ಬೆಟ್ಟು ಬೇಕು.

"ಒತ್ತಿಬಿಡು. ಕಡತ ಮುಚ್ಚಿಹೋಗುತ್ತೆ. ಕೋಣೆ ನಿನ್ನ ಹೆಸರಲ್ಲೇ ಮುಂದುವರಿಯುತ್ತೆ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ ನೋಡು."

"ಏನು ಬರೆದಿದೆ ಇದ್ರಲ್ಲಿ?"

"ಏನೋ ಆಫೀಸಿನ ಮಾತು. ನಿನಗೆ ಅರ್ಥ ಆಗಲ್ಲ."

ಸೂಜಿಯಮ್ಮ ಕಾಗದ ನೋಡಿದಳು. ಸ್ವಂತ ತಪ್ಪು. ನಾಲ್ಕು ಅಕ್ಷರ. ಸುಲಭದ ಅಕ್ಷರಗಳು, ಎಷ್ಟೋ ಹೆಸರುಗಳಲ್ಲಿ ಹೊಲಿದಿದ್ದಳು.

"ಸೋಮವಾರ ಒತ್ತೀನಿ" ಅಂದಳು.

ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಗೂಟ ಖಾಲಿ. ನೆಲ ಮಾತ್ರ ಒದ್ದೆ.

"ಎಲ್ಲಿ ಹೋಯ್ತು ಮಾಸ್ಟರ್ರೇ?"

"ಉಗ್ರಾಣದವರು ನಿನ್ನೆ ತಗೊಂಡು ಹೋದ್ರು. ಸುಟ್ಟು ಹಾಕ್ತಾರಂತೆ."

"ಸೇನೆಯಲ್ಲಿ ಬಟ್ಟೆ ಸಾಯುತ್ತಾ ಮಾಸ್ಟರ್ರೇ?"

ಮಾಸ್ಟರ್ರು ತಲೆ ಎತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದರು. ಮೂರು ಸಲ ತಪ್ಪಿತು.

ಮೈದಾನದಲ್ಲಿ ಶಾಮಿಯಾನ. ಕುರ್ಚಿಗಳ ಸಾಲು. ಮುಂದಿನ ಸಾಲಿಗೆ ಮೆತ್ತೆ ಇತ್ತು. ಹಿಂದಿನ ಸಾಲಿನವರು ಎಲ್ಲರಿಗಿಂತ ಹಿಂದೆ, ಬಿಸಿಲಲ್ಲಿ ನಿಂತಿದ್ದರು. ಎಲ್ಲರಿಗೂ ಜಾಗ ಅಂತ ಬ್ಯಾನರು ಅವರ ತಲೆಯ ಮೇಲೇ ಹಾರಾಡುತ್ತಿತ್ತು. ವೇದಿಕೆಯ ಮೇಲೆ ಕಡ್ಡಿಯ ಫೋಟೋ, ಆಳೆತ್ತರ. ಸೂಜಿಯಮ್ಮನಿಗೆ ಹೊಸ ಬಟ್ಟೆ ಕೊಟ್ಟಿದ್ದರು. ಅದು ಮೈಗೆ ಸರಿಯಾಗಿರಲಿಲ್ಲ. ಇವರು ಯಾರಿಗೆ ಸರಿಯಾದದ್ದು ಕೊಟ್ಟಿದ್ದಾರೆ?

ದೊಡ್ಡ ಸಾಹೇಬರು ಮಾತಾಡಿದರು. ಕ್ಯಾಂಪಿಗೇ ಯಜಮಾನರು ಅವರು. ತ್ಯಾಗ ಅಂದರು, ಸಮಾನತೆ ಅಂದರು, ಇಡೀ ಪಡೆ ಒಂದು ಕುಟುಂಬ ಅಂದರು. ಆಮೇಲೆ ಒಗೆಯುವವನ ಮಗಳು ಬಂದು ನಿಂತಳು. ಹತ್ತೊಂಬತ್ತರ ಹುಡುಗಿ. ಕಡ್ಡಿಗಿಂತ ಗಿಡ್ಡ, ಕಡ್ಡಿಗಿಂತ ಸಣ್ಣ. ಚಿಕ್ಕವಳಿದ್ದಾಗ ಕಡ್ಡಿಯ ಹಳೆಯ ಲಂಗ ತೊಟ್ಟು ಬೆಳೆದವಳು. ಎದೆಯ ಮೇಲೆ ಹೊಸ ಹೆಸರಿನ ಪಟ್ಟಿ. ಸೂಜಿಯಮ್ಮನೇ ಹೊಲಿದದ್ದು.

ಉಗ್ರಾಣದ ಸಾಹೇಬ ಜಾಕೆಟ್ಟು ತಂದು ಸೂಜಿಯಮ್ಮನ ಕೈಗಿಟ್ಟ.

ಕೈಗೆ ಬಂದ ಕೂಡಲೇ ಗೊತ್ತಾಯಿತು. ತಾಯಿಗೆ ಗೊತ್ತಾಗುವುದಿಲ್ಲವೇ? ಕಾಲರು ಮಗುಚಿ ನೋಡಿದಳು. ಇನ್ನೂರ ಹನ್ನೆರಡು. ಬಿಳಿ ಬಣ್ಣ ಹೊಸದಾಗಿ ಬಳಿದಿದ್ದರು, ಅಷ್ಟೇ.

ಮುಂದೆ ಕ್ಯಾಮೆರಾಗಳು. "ತೊಡಿಸಿ ಅಮ್ಮಾ, ಈ ಕಡೆ ನೋಡಿ" ಅಂದರು ಮೇಡಂ. ಸೂಜಿಯಮ್ಮ ತೊಡಿಸಿದಳು. ಎಡಗೈ, ಬಲಗೈ. ಬಕಲುಗಳನ್ನು ಒಂದೊಂದೇ ಹಾಕಿದಳು. ಹನ್ನೆರಡು ಕಿಲೋ ಭಾರಕ್ಕೆ ಹುಡುಗಿಯ ಭುಜ ಇಳಿಯಿತು. ಜಾಕೆಟ್ಟು ಹಿಂದಕ್ಕೆ ಜಾರಿತು.

"ಅತ್ತೆ" ಅಂದಳು ಹುಡುಗಿ, ಅವಳಿಗೆ ಮಾತ್ರ ಕೇಳುವ ಹಾಗೆ. "ಒದ್ದೆ ಇದೆ ಅತ್ತೆ. ಒಳಗೆಲ್ಲ ತಣ್ಣಗೆ ಒದ್ದೆ."

ಸೂಜಿಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಬೆನ್ನ ಹಿಂದೆ ಆಳೆತ್ತರದ ಫೋಟೋ. ಈ ಸಲ ತಿರುಗಿ ನೋಡಿದಳು. ನೋಡಿ, ಮತ್ತೆ ಹುಡುಗಿಯ ಕಡೆ ತಿರುಗಿದಳು.

"ಜೀವದ ಪಟ್ಟಿ ಎಳಿ."

"ಅತ್ತೆ?"

"ಹಿಂದಕ್ಕೆ ಕೈ ಹಾಕು ಮಗಳೇ. ಪಟ್ಟಿ ಎಳಿ. ಇವ್ರೆಲ್ಲ ನೋಡ್ಲಿ."

ಹುಡುಗಿ ಬಲಗೈ ಎತ್ತಿ ಭುಜದ ಹಿಂದೆ ಹಾಕಿದಳು. ಬೆರಳು ಬಟ್ಟೆಯ ಮೇಲೆ ತಡಕಾಡಿತು. ಮುಟ್ಟಲಿಲ್ಲ. ಇನ್ನೂ ತಿರುಚಿದಳು. ಮುಖ ಕೆಂಪೇರಿತು. ಮುಟ್ಟಲಿಲ್ಲ. ಹಿಂದಿನ ಸಾಲಿನವರಲ್ಲಿ ಯಾರೋ ಹೆಂಗಸು "ಅಯ್ಯೋ" ಅಂದಳು. ದಡದಲ್ಲಿದ್ದ ಆ ನಲವತ್ತು ಜನರೂ ಶಾಮಿಯಾನದ ಪಕ್ಕದಲ್ಲೇ ಸಾಲಾಗಿ ನಿಂತಿದ್ದರು. ಅವರಿಗೆ ಆ ಕೈ ಗೊತ್ತಿತ್ತು. ಒಬ್ಬ ತಲೆ ತಗ್ಗಿಸಿದ. ಬೂಟಿನಲ್ಲಿ ಪೊರಕೆ ಕಡ್ಡಿ ಸಿಕ್ಕಿಸಿದ್ದವನೇ.

"ಸಾಕು, ಸಾಕು. ಇಳಿಸಿ ಇವಳನ್ನ" ಅಂತ ಉಗ್ರಾಣದ ಸಾಹೇಬ ಮುಂದೆ ಬಂದ.

"ನೀವು ಅಲ್ಲೇ ನಿಲ್ಲಿ" ಅಂದಳು ಸೂಜಿಯಮ್ಮ. ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಕೊಟ್ಟ ಮೊದಲ ಆಜ್ಞೆ. ವಿಚಿತ್ರ ಅಂದರೆ, ಅವನು ನಿಂತ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವೇ ಹೇಳಿದ್ದು. ನೆಲಾನೇ ಡೊಂಕು ಸಾಹೇಬ್ರೆ. ಕಣ್ಣಿದ್ರೆ ನೋಡಿ. ಇದು ನನ್ನ ಮಗಳನ್ನ ಕೊಂದ ಜಾಕೆಟ್ಟು. ನಂಬರಿಗೆ ಬಣ್ಣ ಬಳಿದು ಈ ಕೂಸಿಗೆ ತೊಡಿಸ್ತಿದೀರಿ. ಅದೂ ನನ್ನ ಕೈಯಲ್ಲಿ!"

ಮೇಡಂ ಮುಖ ಬಿಳಿಚಿಕೊಂಡಿತು. "ನನಗೆ ಗೊತ್ತಿರಲಿಲ್ಲ" ಅಂದರು. ನಿಜವೇ ಇರಬಹುದು. ಗೊತ್ತು ಮಾಡಿಕೊಳ್ಳದೇ ಇರುವುದಕ್ಕೂ ಒಂದು ಪುಣ್ಯ ಬೇಕು.

"ನಿಮ್ಮ ತಪ್ಪು ನೀವು ಬರ್ಕೊಳ್ಳಿ, ಬಿಡಿ. ನನ್ನ ತಪ್ಪು ನಾನು ಹೇಳ್ತೀನಿ. ನನ್ನ ಕೈಯಲ್ಲಿ ಕತ್ತರಿ ಇತ್ತು. ಚಿಕ್ಕದು ಮಾಡಿಕೊಡಮ್ಮಾ ಅಂದಳು. ನಾನು ಆದೇಶ ಬರ್ಲಿ ಅಂದೆ. ನನ್ನ ಕೂಸಿಗಿಂತ ನನಗೆ ನಿಮ್ಮ ರಿಜಿಸ್ಟರು ದೊಡ್ಡದಾಯ್ತು. ಅದಕ್ಕೆ ನನಗೆ ಹೊಡೀರಿ, ಹೊರಗೆ ಹಾಕಿ. ಅವಳ ಸ್ವಂತ ತಪ್ಪು ಅಂತ ಮಾತ್ರ ಬರೀಬೇಡಿ. ಹೆಬ್ಬೆಟ್ಟು ನಾನು ಒತ್ತಲ್ಲ."

ದೊಡ್ಡ ಸಾಹೇಬರು ಹುಡುಗಿಯ ಕಡೆ ನೋಡಿ, "ನೀನು ಸಾಲಿಗೆ ಹೋಗಿ ನಿಲ್ಲು" ಅಂದರು.

ಹುಡುಗಿ ನಿಂತಲ್ಲೇ ನಿಂತಳು. ಆಮೇಲೆ ಬಕಲುಗಳನ್ನು ಒಂದೊಂದೇ ಬಿಚ್ಚಿದಳು. ಜಾಕೆಟ್ಟು ಕಳಚಿ ಎರಡೂ ಕೈಯಲ್ಲಿ ಹಿಡಿದು ಸೂಜಿಯಮ್ಮನಿಗೆ ಕೊಟ್ಟಳು.

"ಚಿಕ್ಕದು ಮಾಡಿಕೊಡಿ ಅತ್ತೆ" ಅಂದಳು. ಜೋರಾಗಿಯೇ ಅಂದಳು.

ಸೂಜಿಯಮ್ಮ ಜಾಕೆಟ್ಟನ್ನು ಹೆಗಲಿಗೆ ಹಾಕಿಕೊಂಡಳು. ವೇದಿಕೆ ಇಳಿದಳು. ಅತಿಥಿಗಳು ಕೂತಿದ್ದಾರೆ, ಕ್ಯಾಮೆರಾಗಳು ತಿರುಗಿವೆ, ಸತ್ತ ಹುಡುಗಿಯ ತಾಯಿಯ ಹೆಗಲಿನಿಂದ ಯಾರು ಕಿತ್ತುಕೊಳ್ಳುತ್ತಾರೆ? ಮೈದಾನದ ಉದ್ದಕ್ಕೂ ನಡೆದಳು. ಹುಡುಗಿ ಹಿಂದೆಯೇ ಬಂದಳು. ಇಬ್ಬರ ಹೆಜ್ಜೆಯ ಜೊತೆ ಮೂರನೆಯದೊಂದು ಹೆಜ್ಜೆ ಸೂಜಿಯಮ್ಮನಿಗೆ ಕೇಳುತ್ತಿತ್ತು, ಒದ್ದೆ ಬೂಟಿನದು.

ಶೆಡ್ಡಿನಲ್ಲಿ ಮಾಸ್ಟರ್ರು ಒಬ್ಬರೇ ಇದ್ದರು. ಮೈಕಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದರು. ತಮ್ಮ ಮಿಷನ್ನಿನ ಮುಂದಿನಿಂದ ಎದ್ದು ಸ್ಟೂಲು ಒರೆಸಿದರು. ಅದು ದೊಡ್ಡ ಮಿಷನ್ನು. ಸೂಜಿಯಮ್ಮ ಅಲ್ಲಿ ಎಂದೂ ಕೂತವಳಲ್ಲ.

ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಭುಜದ ಹೊಲಿಗೆ ಬಿಚ್ಚಿದಳು. ಜೀವದ ಪಟ್ಟಿಯನ್ನು ನಾಲ್ಕು ಬೆರಳು ಮುಂದಕ್ಕೆ ತಂದು ಕೂರಿಸಿದಳು. ಪಕ್ಕಗಳನ್ನು ಒಳಕ್ಕೆ ತೆಗೆದುಕೊಂಡಳು. ದಪ್ಪ ಬಟ್ಟೆ, ಎಂಟು ಪದರ. ಸೂಜಿ ಒಂದು ಸಲ ಮುರಿಯಿತು. ಮಾಸ್ಟರ್ರು ಇನ್ನೊಂದು ಹಾಕಿಕೊಟ್ಟು, ಭಾರ ಬೀಳದ ಹಾಗೆ ಜಾಕೆಟ್ಟಿನ ತುದಿಯನ್ನು ಎತ್ತಿ ಹಿಡಿದರು. ತುಳಿದು ತುಳಿದು ಅವಳ ಮೀನಖಂಡ ಕಟ್ಟಿಕೊಂಡಿತು. ಬೆವರೋ ಕಣ್ಣೀರೋ, ಗಲ್ಲದಿಂದ ಬಟ್ಟೆಗೆ ಬೀಳುತ್ತಿತ್ತು. ಇಬ್ಬರು ಕಾವಲಿನವರು ಬಾಗಿಲಿಗೆ ಬಂದು ನಿಂತರು.

"ಅಮ್ಮಾ, ಹೊರಗೆ ಬಿಡೋಕೆ ಹೇಳಿದಾರೆ" ಅಂದ ಒಬ್ಬ.

"ಬಿಡುವೆಯಂತೆ. ಹೊಲಿಗೆ ಅರ್ಧಕ್ಕೆ ಬಿಡಬಾರದಪ್ಪಾ. ನಿಂತಿರು."

ಅವನು ನಿಂತ.

ಹೊಲಿದು ಮುಗಿಸಿ ದಾರ ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. ಹುಡುಗಿಗೆ ತೊಡಿಸಿದಳು. "ಎಳಿ" ಅಂದಳು. ಹುಡುಗಿ ಕೈ ಹಿಂದೆ ಹಾಕಿದಳು. ಪಟ್ಟಿ ಸಿಕ್ಕಿತು. ಎಳೆದಳು. ಜಾಕೆಟ್ಟು ನಾಲ್ಕು ಹೋಳಾಗಿ ಧಡ್ ಅಂತ ನೆಲಕ್ಕೆ ಬಿತ್ತು. ಆ ಸದ್ದಿಗೆ ಕಾವಲಿನವರು ಬೆಚ್ಚಿಬಿದ್ದರು. ಸೂಜಿಯಮ್ಮ ನೆಲದ ಮೇಲೆ ಬಿದ್ದ ಆ ಹೋಳುಗಳನ್ನೇ ನೋಡುತ್ತಾ ನಿಂತಳು. ಬಹಳ ಹೊತ್ತು ನಿಂತಳು.

"ಇಷ್ಟೇ ಕಣೇ" ಅಂದಳು. ಹುಡುಗಿಗೆ ಹೇಳಿದ್ದಲ್ಲ.

ಆಮೇಲೆ ಮಿಷನ್ನಿನ ಪಕ್ಕದ ಅಂಗಿ ಎತ್ತಿಕೊಂಡಳು. ಮೂರು ಹೊಲಿಗೆಯ ಪಟ್ಟಿ ಹಾಗೇ ಇತ್ತು. "ಇದನ್ನ ನಾನು ಬಿಚ್ಚಲ್ಲ. ಬಿಚ್ಚೋರನ್ನ ಬೇರೆ ಹುಡುಕ್ಕೊಳ್ಳಿ" ಅಂತ ಮಾಸ್ಟರ್ರ ಮೇಜಿನ ಮೇಲೆ, ಹೆಸರು ಮೇಲಕ್ಕೆ ಮಾಡಿ ಇಟ್ಟಳು. ಮಾಸ್ಟರ್ರು ಬ್ಲೇಡನ್ನು ತೆಗೆದು ಕಿಟಕಿಯ ಹೊರಗೆ ಎಸೆದರು.

ಅವಳು ರಿಜಿಸ್ಟರು ತೆರೆದಳು. ಅದನ್ನು ಮುಟ್ಟುವ ಹಕ್ಕು ಅವಳಿಗಿರಲಿಲ್ಲ. ಪೆನ್ನು ಹಿಡಿದ ರೀತಿ ಸೂಜಿ ಹಿಡಿದ ಹಾಗಿತ್ತು. ತಾರೀಕು ಬರೆದಳು. ನಂಬರು, ಇನ್ನೂರ ಹನ್ನೆರಡು. ಕೆಲಸ, ಪಟ್ಟಿ ನಾಲ್ಕು ಬೆರಳು ಮುಂದಕ್ಕೆ. ಮಾಸ್ಟರ್ರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಇವಳಿಗೆ ಬರೆಯಲು ಬರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ.

ನಾಲ್ಕನೆಯ ಕಾಲಂ. ಯಾರ ಆದೇಶ.

ಅಲ್ಲಿ ಮಗಳ ಹೆಸರು ಬರೆದಳು. ಪೂರ್ತಿ ಹೆಸರು, ಅಂಗಿಯ ಮೇಲೆ ಹೊಲಿದ ಅದೇ ಅಕ್ಷರಗಳಲ್ಲಿ, ಒತ್ತಿ ಒತ್ತಿ ಬರೆದಳು. ಕೆಳಗಿನ ಮೂರು ಹಾಳೆಗೂ ಅಚ್ಚು ಬಿತ್ತು. ಅದನ್ನು ಬಿಚ್ಚುವುದಕ್ಕೆ ಯಾವ ಬ್ಲೇಡಿಗೂ ಬರುವುದಿಲ್ಲ.